ಮುಗಿದ ರಾತ್ರಿ ಮತ್ತೆ ಶುರುವಾದಾಗ: ‘ಆಕ್ಸೆನ್‌ಫ್ರೀ’ ಆಟದ ಟೈಮ್ ಲೂಪ್, ಅರ್ಥವಾಗುವ ಹಾಗೆ

ನೆಟ್‌ಫ್ಲಿಕ್ಸ್ ಚಂದಾ ಕಟ್ಟುವ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಸಿನಿಮಾ, ಸೀರಿಯಲ್ ಜೊತೆಗೆ ಫೋನಿನಲ್ಲಿ ಆಡುವ ಗೇಮ್‌ಗಳೂ ಸಿಗುತ್ತವೆ ಅನ್ನುವುದು ಗೊತ್ತಿರುವುದಿಲ್ಲ. ಮಕ್ಕಳಿಗೆ ಗೊತ್ತಿರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಮೊದಲ ಸಲ ಒಂದು ಗೇಮ್ ಸ್ಟುಡಿಯೊವನ್ನೇ ಕೊಂಡುಕೊಂಡಿತು. ಅದು ಕ್ಯಾಲಿಫೋರ್ನಿಯಾದ ನೈಟ್ ಸ್ಕೂಲ್ ಸ್ಟುಡಿಯೊ. ಮರುವರ್ಷ ಆ ಸ್ಟುಡಿಯೊಗೆ ಹೆಸರು ತಂದುಕೊಟ್ಟ ‘ಆಕ್ಸೆನ್‌ಫ್ರೀ’ ಚಂದಾದಾರರ ಫೋನಿಗೆ ಬಂತು. 2016ರ ಜನವರಿಯಲ್ಲಿ ಕಂಪ್ಯೂಟರ್‌ಗೆ ಬಿಡುಗಡೆಯಾದಾಗ ಗೇಮ್ ಆಡುವವರ ವಲಯದಲ್ಲಷ್ಟೇ ಮಾತಾಗಿದ್ದ ಆಟ ಹೀಗೆ ಗೇಮ್‌ಗಳ ಗಂಧಗಾಳಿ ಇಲ್ಲದವರ ಮನೆಯೊಳಗೂ ಕಾಲಿಟ್ಟಿತು.

ಪಕ್ಕದಲ್ಲಿ ಕೂತು ನೋಡುವವರಿಗೆ ಈ ಆಟ ತಲೆಬುಡ ಅರ್ಥವಾಗುವುದಿಲ್ಲ. ಇದರಲ್ಲಿ ಬಂದೂಕಿಲ್ಲ, ಓಟದ ಪಂದ್ಯವಿಲ್ಲ, ಅಂಕಗಳಿಲ್ಲ. ಐದು ಜನ ಹರೆಯದವರು ಕತ್ತಲ ದ್ವೀಪವೊಂದರಲ್ಲಿ ನಡೆಯುತ್ತಾ ಮಾತಾಡುತ್ತಾರೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಹಳೆಯ ವಿಡಿಯೊ ಕ್ಯಾಸೆಟ್ಟಿನ ಗೆರೆಗಳು ಓಡುತ್ತವೆ, ಆಗಷ್ಟೇ ಆಡಿದ ಮಾತನ್ನೇ ಮತ್ತೆ ಆಡುತ್ತಾರೆ, ದಾಟಿದ ದಾರಿಯನ್ನೇ ಮತ್ತೆ ದಾಟುತ್ತಾರೆ. ಫೋನ್ ಹ್ಯಾಂಗ್ ಆಗಿದೆಯೇ ಎಂಬ ಅನುಮಾನ ಬಂದರೆ ಅದು ಸಹಜ. ಆದರೆ ಆಟ ಕೆಟ್ಟಿರುವುದಿಲ್ಲ. ಕಾಲ ಸುಳಿಗೆ ಸಿಕ್ಕಿಕೊಂಡಿದೆ, ಆ ಸುಳಿಯಿಂದ ಹೊರಬರುವುದೇ ಆಟ.

ಇಂಥ ಆಟಗಳನ್ನು ಎಂದೂ ಆಡದವರಿಗೂ ಇದರ ಒಳಗುಟ್ಟು ತಿಳಿಯಲಿ ಎಂಬುದು ಈ ಲೇಖನದ ಉದ್ದೇಶ. ಮುಂದೆ ಕಥೆಯ ತಿರುವುಗಳು, ಕೊನೆಯೂ ಸೇರಿದಂತೆ, ಬರುತ್ತವೆ. ಏನೂ ತಿಳಿಯದೆ ಆಡಬೇಕೆನ್ನುವವರು ಮೊದಲು ಆಡಿ, ಆಮೇಲೆ ಓದುವುದು ಒಳ್ಳೆಯದು.

ದ್ವೀಪಕ್ಕೆ ಬಂದ ಐವರು

ಕಥೆ ನಡೆಯುವುದು ಎಡ್ವರ್ಡ್ಸ್ ಐಲ್ಯಾಂಡ್ ಎಂಬ ಕಾಲ್ಪನಿಕ ದ್ವೀಪದಲ್ಲಿ. ಅಮೆರಿಕದ ವಾಯವ್ಯ ಕರಾವಳಿಯ ಪೈನ್ ಕಾಡು, ಮಂಜು, ಬಂಡೆಗಲ್ಲಿನ ತೀರಗಳನ್ನು ಕಣ್ಣಮುಂದೆ ಇಟ್ಟುಕೊಂಡು ಕಟ್ಟಿದ ಜಾಗ ಅದು. ಹಿಂದೆ ಅಲ್ಲಿ ಸೇನೆಯ ನೆಲೆ ಇತ್ತು. ಈಗ ಹಗಲು ಪ್ರವಾಸಿಗರು ಬಂದು ಹೋಗುತ್ತಾರೆ, ರಾತ್ರಿ ಯಾರೂ ಇರುವುದಿಲ್ಲ. ವರ್ಷಕ್ಕೊಮ್ಮೆ ಊರಿನ ಹೈಸ್ಕೂಲ್ ಹುಡುಗ ಹುಡುಗಿಯರು ರಾತ್ರಿಯ ಕೊನೆಯ ದೋಣಿ ಹಿಡಿದು ಅಲ್ಲಿಗೆ ಹೋಗಿ, ಬೀಚಿನಲ್ಲಿ ಬೆಂಕಿ ಹಾಕಿಕೊಂಡು, ಕುಡಿದು ಕುಣಿದು ಬೆಳಿಗ್ಗೆ ಮರಳುವುದು ವಾಡಿಕೆ. ಈ ಸಲ ಬಂದವರು ಐವರೇ.

ನಾವು ನಡೆಸುವುದು ಅಲೆಕ್ಸ್ ಎಂಬ ಹುಡುಗಿಯನ್ನು. ಜೊತೆಗೆ ಚಿಕ್ಕಂದಿನ ಗೆಳೆಯ ರೆನ್, ಬಾಯಿ ಮುಚ್ಚಿ ಕೂರಲಾರದವನು. ಅವನು ಮನಸ್ಸಿಟ್ಟಿರುವ, ಹೆಚ್ಚು ಮಾತಾಡದ ನೋನಾ. ನೋನಾಳ ಗೆಳತಿ ಕ್ಲಾರಿಸಾ. ಐದನೆಯವನು ಜೋನಸ್. ಅಲೆಕ್ಸ್‌ಳ ತಾಯಿ ಮತ್ತೆ ಮದುವೆಯಾದವನ ಮಗ, ಅಂದರೆ ಅವಳಿಗೆ ಹೊಸದಾಗಿ ಬಂದ ಮಲಸಹೋದರ. ಇಬ್ಬರಿಗೂ ಈಗಷ್ಟೇ ಪರಿಚಯ.

ಇಷ್ಟು ಜನರ ನಡುವೆ, ಬಂದಿಲ್ಲದ ಆರನೆಯವನೊಬ್ಬ ಇದ್ದಾನೆ. ಅಲೆಕ್ಸ್‌ಳ ಅಣ್ಣ ಮೈಕಲ್. ಅವನು ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದಾನೆ, ಆ ದಿನ ಈಜಲು ಜೊತೆಗಿದ್ದವಳು ಅಲೆಕ್ಸ್. ಅವನನ್ನು ಪ್ರೀತಿಸುತ್ತಿದ್ದವಳು ಕ್ಲಾರಿಸಾ. ಅವನು ಹೋದ ಮೇಲೆ ಅಲೆಕ್ಸ್‌ಳ ಅಪ್ಪ ಅಮ್ಮ ಬೇರೆಯಾದರು. ಕ್ಲಾರಿಸಾ ಮತ್ತು ಅಲೆಕ್ಸ್ ಮುಖ ಕೊಟ್ಟು ಮಾತಾಡದಂತಾದರು. ಇಬ್ಬರೂ ಒಬ್ಬನನ್ನೇ ಕಳೆದುಕೊಂಡವರು, ಆದರೆ ಒಬ್ಬಳ ಕಣ್ಣಿನಲ್ಲಿ ಇನ್ನೊಬ್ಬಳೇ ತಪ್ಪಿತಸ್ಥೆ.

ಬೀಚಿನಲ್ಲಿ ಬೆಂಕಿಯ ಸುತ್ತ ಕೂತು ಇವರು ‘ನಿಜ ಹೇಳು, ಇಲ್ಲದಿದ್ದರೆ ಕೆನ್ನೆಗೆ ಏಟು ತಿನ್ನು’ ಎಂಬ ಆಟ ಆಡುತ್ತಾರೆ. ನೋಡಲು ಹುಡುಗಾಟ. ಆದರೆ ಕ್ಲಾರಿಸಾ ಬಾಯಿ ತೆಗೆದ ತಕ್ಷಣ ಮಾತು ಮೈಕಲ್‌ನ ಕಡೆ ಹೊರಳುತ್ತದೆ, ಉಳಿದವರ ನಗು ನಿಲ್ಲುತ್ತದೆ. ದೆವ್ವ ಬರಲು ಇನ್ನೂ ಹೊತ್ತಿರುವಾಗಲೇ ಆಡುವವರ ಎದೆಯಲ್ಲಿ ಒಂದು ಬಿಗಿ ಕೂತುಬಿಡುತ್ತದೆ.

ಅದಾದ ಮೇಲೆ ಅಲೆಕ್ಸ್ ಗುಹೆಯೊಂದರಲ್ಲಿ ತನ್ನ ಪುಟ್ಟ ರೇಡಿಯೊದ ಗುಬುಟನ್ನು ತಿರುಗಿಸುತ್ತಾಳೆ. ಆ ಗುಹೆಯಲ್ಲಿ ವಿಚಿತ್ರ ದನಿಗಳು ರೇಡಿಯೊಗೆ ಸಿಗುತ್ತವೆ ಎಂಬುದು ಊರ ಹುಡುಗರ ನಡುವಿನ ಮಾತು. ಸರಿಯಾದ ತರಂಗಾಂತರ ಸಿಕ್ಕಾಗ ಗಾಳಿಯಲ್ಲಿ ಬೆಳಕಿನ ತ್ರಿಕೋನವೊಂದು ತೆರೆಯುತ್ತದೆ. ಮುಂದಿನ ಗಳಿಗೆಯಲ್ಲಿ ಅಲೆಕ್ಸ್ ಮತ್ತು ಜೋನಸ್ ಒಂದು ಕಡೆ, ಉಳಿದವರು ದ್ವೀಪದ ಬೇರೆ ಕಡೆಗಳಲ್ಲಿ ಬಿದ್ದಿರುತ್ತಾರೆ. ಅಲ್ಲಿಂದ ಕಾಲ ನೆಟ್ಟಗೆ ನಡೆಯುವುದಿಲ್ಲ.

ಟೈಮ್ ಲೂಪ್ ಅಂದರೇನು?

ಒಂದು ಕಾಲಾವಧಿ, ಐದು ನಿಮಿಷವಿರಲಿ, ಒಂದು ದಿನವಿರಲಿ, ಮುಗಿದ ಕೂಡಲೇ ಮೊದಲಿನಿಂದ ಶುರುವಾಗುವುದನ್ನು ಟೈಮ್ ಲೂಪ್ ಎನ್ನುತ್ತಾರೆ. ಸುತ್ತಲಿನ ಎಲ್ಲವೂ ಮೊದಲಿದ್ದ ಸ್ಥಿತಿಗೆ ಮರಳುತ್ತದೆ: ಒಡೆದ ಲೋಟ ಕೂಡಿಕೊಂಡಿರುತ್ತದೆ, ಆಡಿದ ಜಗಳ ಆಡಿಯೇ ಇರುವುದಿಲ್ಲ. ಹಾಗೆ ಮರಳಿದ್ದು ಯಾರಾದರೂ ಒಬ್ಬರಿಗೆ ನೆನಪಿರಬೇಕು. ಯಾರಿಗೂ ನೆನಪಿಲ್ಲದಿದ್ದರೆ ಅದು ಲೂಪ್ ಎಂದು ತಿಳಿಯುವುದೇ ಇಲ್ಲ.

ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆಯನ್ನು ಪದೇ ಪದೇ ಬರೆಯಬೇಕಾಗಿ ಬಂದಿದೆ ಎಂದುಕೊಳ್ಳಿ. ಗಂಟೆ ಹೊಡೆದಾಗ ನೀವು ಬರೆದ ಹಾಳೆಯನ್ನು ಹರಿದು ಹಾಕಿ ಹೊಸ ಹಾಳೆ ಕೊಡುತ್ತಾರೆ. ಬರೆದದ್ದು ಯಾವುದೂ ಉಳಿಯುವುದಿಲ್ಲ, ಆದರೆ ಮೂರನೆಯ ಪ್ರಶ್ನೆಯಲ್ಲಿ ಎಲ್ಲಿ ಎಡವಿದಿರಿ ಎಂಬುದು ತಲೆಯಲ್ಲಿ ಉಳಿದಿರುತ್ತದೆ. ಪಕ್ಕದ ಬೆಂಚಿನವರಿಗೆ ಇದು ಮೊದಲನೆಯ ಪರೀಕ್ಷೆ, ನಿಮಗೊಬ್ಬರಿಗೇ ಹತ್ತನೆಯದು. ಟೈಮ್ ಲೂಪ್ ಆಟಗಳಲ್ಲಿ ಆಟಗಾರನ ಕೈಯಲ್ಲಿರುವ ಮುಖ್ಯ ಬಂಡವಾಳ ಈ ನೆನಪೇ. ಎಷ್ಟೋ ಆಟಗಳಲ್ಲಿ ಕತ್ತಿಯೂ ಚಿನ್ನವೂ ಮುಂದಿನ ಸುತ್ತಿಗೆ ಜೊತೆಯಲ್ಲಿ ಬರುವುದಿಲ್ಲ.

ಇದು ವಿಡಿಯೊ ಗೇಮ್‌ಗೆ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣವಿದೆ. ಗೇಮ್ ಆಡುವವರು ಮೊದಲಿನಿಂದಲೂ ಒಂದು ಬಗೆಯ ಲೂಪಿನಲ್ಲೇ ಇದ್ದಾರೆ. ಸತ್ತರೆ ಅದೇ ಹಂತ ಮತ್ತೆ ಶುರು, ಶತ್ರು ಅದೇ ಮರದ ಹಿಂದಿನಿಂದ ಬರುತ್ತಾನೆ, ಆಡುವವನಿಗೆ ಮಾತ್ರ ಅದು ಗೊತ್ತಿರುತ್ತದೆ. ಟೈಮ್ ಲೂಪ್ ಆಟಗಳು ಆ ಹಳೆಯ ಪದ್ಧತಿಯನ್ನೇ ಎತ್ತಿಕೊಂಡು ಕಥೆಯೊಳಗಿನ ಘಟನೆಯಾಗಿ ಮಾಡಿದವು.

2000ದಲ್ಲಿ ಬಂದ ನಿಂಟೆಂಡೊದ ‘ಮಜೋರಾಸ್ ಮಾಸ್ಕ್’ನಲ್ಲಿ ಚಂದ್ರ ಭೂಮಿಗೆ ಬಡಿಯಲು ಮೂರು ದಿನ ಬಾಕಿ. ಆಟಗಾರ ಆ ಮೂರು ದಿನಗಳನ್ನೇ ಹಿಂದಕ್ಕೆ ತಿರುಗಿಸುತ್ತಾ ಊರಿನವರ ದಿನಚರಿಯನ್ನು ಕಲಿಯುತ್ತಾನೆ. 2019ರ ‘ಔಟರ್ ವೈಲ್ಡ್ಸ್’ನಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಾಗುತ್ತದೆ. 2021ರ ‘ಟ್ವೆಲ್ವ್ ಮಿನಿಟ್ಸ್’ ಇಡೀ ಕಥೆಯನ್ನು ಒಂದು ಚಿಕ್ಕ ಮನೆಯೊಳಗೆ, ಗಂಡ ಹೆಂಡತಿಯ ನಡುವೆ ಕಟ್ಟುತ್ತದೆ. ಭಯ ಹುಟ್ಟಿಸುವುದಕ್ಕೂ ಸುತ್ತು ಬಳಕೆಯಾಗಿದೆ. 2014ರಲ್ಲಿ ಬಂದು ಮರುವರ್ಷವೇ ಅಂಗಡಿಯಿಂದ ಮಾಯವಾದ ‘ಪಿ.ಟಿ.’ ಎಂಬ ಪುಟ್ಟ ಆಟದಲ್ಲಿ ಮನೆಯ ಒಂದೇ ಓಣಿಯನ್ನು ದಾಟಿ ಬಾಗಿಲು ತೆರೆದರೆ ಮತ್ತೆ ಅದೇ ಓಣಿ, ಆದರೆ ಪ್ರತಿ ಸಲ ಏನೋ ಒಂದು ಬದಲಾಗಿರುತ್ತದೆ.

ಇವುಗಳ ಸಾಲಿನಲ್ಲಿ ‘ಆಕ್ಸೆನ್‌ಫ್ರೀ’ಯನ್ನು ಬೇರೆಯಾಗಿ ನಿಲ್ಲಿಸುವ ಸಂಗತಿ ಒಂದಿದೆ. ಉಳಿದ ಆಟಗಳಲ್ಲಿ ಸುತ್ತಿನಿಂದ ಸುತ್ತಿಗೆ ಜಾಗ, ವೇಳಾಪಟ್ಟಿ, ಬೀಗ, ಕೀಲಿಕೈಗಳ ತಿಳಿವಳಿಕೆ ಬೆಳೆಯುತ್ತದೆ. ಇಲ್ಲಿ ಆಟಗಾರ ಕಲಿಯುವುದು ಜೊತೆಯವರನ್ನು. ಯಾರಿಗೆ ಎಲ್ಲಿ ನೋವಿದೆ, ಯಾವ ಮಾತು ಯಾರನ್ನು ಚುಚ್ಚುತ್ತದೆ, ಯಾರ ಬಳಿ ಯಾವಾಗ ಸುಮ್ಮನಿರಬೇಕು ಎಂಬುದೇ ಇಲ್ಲಿನ ಪಾಠ.

ಸಣ್ಣ ಸುಳಿ, ದೊಡ್ಡ ಸುಳಿ

ಈ ಆಟದಲ್ಲಿ ಕಾಲ ಎರಡು ಅಳತೆಯಲ್ಲಿ ಸುತ್ತುತ್ತದೆ. ಅದನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಸಣ್ಣ ಸುಳಿಗಳು ರಾತ್ರಿಯ ನಡುವೆ ಅಲ್ಲಲ್ಲಿ ಬರುತ್ತವೆ. ಅಲೆಕ್ಸ್ ಮತ್ತು ಜೊತೆಗಾರ ಒಂದು ಜಾಗದಲ್ಲಿ ಮಾತಾಡುತ್ತಿರುತ್ತಾರೆ, ದೃಶ್ಯ ಕದಡುತ್ತದೆ, ಅದೇ ಮಾತು ಮತ್ತೆ ಮೊದಲಾಗುತ್ತದೆ. ಜೊತೆಗಾರನಿಗೆ ಏನೂ ಗೊತ್ತಾಗಿರುವುದಿಲ್ಲ, ಅಲೆಕ್ಸ್‌ಗೆ ಗೊತ್ತು. ಹೊರಬರುವ ದಾರಿ ಎಂದರೆ ಅಲ್ಲೇ ಎಲ್ಲೋ ತಾನಾಗಿ ಕಾಣಿಸಿಕೊಳ್ಳುವ ಹಳೆಯ ಟೇಪ್ ರೆಕಾರ್ಡರ್. ಕ್ಯಾಸೆಟ್ಟಿಗಿಂತ ಮುಂಚಿನದು, ಎರಡು ದೊಡ್ಡ ಚಕ್ರಗಳ ಮೇಲೆ ಟೇಪ್ ಸುತ್ತಿದ ಯಂತ್ರ. ಆಟಗಾರ ಬೆರಳಿನಿಂದ ಚಕ್ರವನ್ನು ತಿರುಗಿಸಬೇಕು. ಮೊದಲು ಎಳೆದಾಡಿದ ಅಪಸ್ವರ ಕೇಳುತ್ತದೆ, ವೇಗ ಹದಕ್ಕೆ ಬಂದಾಗ ಸಂಗೀತ ಶ್ರುತಿಗೂಡುತ್ತದೆ, ಸುಳಿ ಒಡೆಯುತ್ತದೆ.

ದೊಡ್ಡ ಸುಳಿ ಎಂದರೆ ಇಡೀ ಆಟವೇ. ಅದು ಆಟ ಮುಗಿದಾಗ ಗೊತ್ತಾಗುವ ಸಂಗತಿಯಾದ್ದರಿಂದ ಅದರ ಮಾತು ಕೊನೆಯಲ್ಲಿ.

ಎಲ್ಲ ಮೊದಲಿನಂತಾದರೂ ಕೆಲವು ಮಾತ್ರ ನೆನಪಿರುವುದು ಹೇಗೆ ಎಂದು ಕೇಳಬಹುದು. ಉತ್ತರ ಸರಳ. ಗೇಮ್ ಎಂದರೆ ಒಳಗೆ ಸಾವಿರಾರು ಪುಟ್ಟ ಗುರುತುಗಳ ಪಟ್ಟಿ: ಈ ಬಾಗಿಲು ತೆರೆದಿದೆಯೇ, ರೆನ್ ಜೊತೆಯಲ್ಲಿದ್ದಾನೆಯೇ, ಕ್ಲಾರಿಸಾಳಿಗೆ ಒರಟಾಗಿ ಉತ್ತರಿಸಿದ್ದಾಯಿತೇ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಸುಳಿ ಬಂದಾಗ ಕಂಪ್ಯೂಟರ್ ಆ ಜಾಗಕ್ಕೆ ಸೇರಿದ ಗುರುತುಗಳನ್ನಷ್ಟೇ ಅಳಿಸಿ ಮೊದಲಿನಂತೆ ಬರೆಯುತ್ತದೆ. ಸಂಬಂಧಗಳಿಗೆ ಸೇರಿದ ಗುರುತುಗಳನ್ನು ಬೇರೆಯಾಗಿ ಇಟ್ಟು, ಮುಟ್ಟದೆ ಬಿಡುತ್ತದೆ. ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸುವುದರಲ್ಲೇ ಆಟ ಕಟ್ಟುವವರ ಜಾಣ್ಮೆ ಇರುವುದು. ಬರೆಯುವವರಿಗೆ ಅದು ದೊಡ್ಡ ಹೊರೆಯೂ ಹೌದು. ಆಟಗಾರ ಎಲ್ಲೆಲ್ಲಿ ಹೇಗೆ ಕವಲೊಡೆದರೂ ಮುಂದಿನ ಮಾತು ಅದಕ್ಕೆ ಹೊಂದುವಂತೆ ಮೊದಲೇ ಬರೆದು, ನಟರಿಂದ ಹೇಳಿಸಿ, ದಾಖಲಿಸಿ ಇಟ್ಟಿರಬೇಕು.

ಒಗಟು ಇರುವುದು ರೇಡಿಯೊದಲ್ಲೋ, ಮಾತಿನಲ್ಲೋ?

ಪಜಲ್ ಗೇಮ್ ಎಂದಾಗ ಸಂಖ್ಯೆಗಳ ಲೆಕ್ಕ, ಚಿತ್ರದ ಚೂರು ಜೋಡಿಸುವುದು ಕಣ್ಣಿಗೆ ಬರುತ್ತದೆ. ಟೇಪ್ ರೆಕಾರ್ಡರ್ ಬಿಟ್ಟರೆ ಇಲ್ಲಿನ ಮುಖ್ಯ ಕೈಕೆಲಸದ ಒಗಟು ರೇಡಿಯೊ. ಗುಬುಟು ತಿರುಗಿಸುತ್ತಾ ಹೋದರೆ ಬರೀ ಸದ್ದು, ನಡುನಡುವೆ ಹಳೆಯ ಹಾಡಿನ ತುಣುಕು, ಜಾಹೀರಾತು, ಪ್ರವಾಸಿಗರಿಗಾಗಿ ದ್ವೀಪದ ಚರಿತ್ರೆ ಹೇಳುವ ದನಿ. ಎಲ್ಲೋ ಒಂದು ಕಡೆ, ಅರ್ಥವಾಗದ ಪಿಸುಮಾತು. ಸರಿಯಾದ ಜಾಗ ಸಿಕ್ಕಿತೆಂದರೆ ಫೋನ್ ಕೈಯಲ್ಲಿ ನಡುಗುತ್ತದೆ, ಪರದೆಯ ಬಣ್ಣ ಬದಲಾಗುತ್ತದೆ, ಬೀಗ ತೆರೆದುಕೊಳ್ಳುತ್ತದೆ. ಬೆಳಗಿನ ಆಕಾಶವಾಣಿ ಹಿಡಿಯಲು ಗುಬುಟನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದ ತಲೆಮಾರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಷ್ಟದ್ದೇನಲ್ಲ, ಯಾರೂ ಇಲ್ಲಿ ಸಿಕ್ಕಿಬೀಳುವುದಿಲ್ಲ.

ನಿಜವಾದ ಒಗಟು ಮಾತಿನದು. ಹೆಚ್ಚಿನ ಕಥಾ ಗೇಮ್‌ಗಳಲ್ಲಿ ಮಾತು ಆಯ್ಕೆ ಮಾಡುವಾಗ ಆಟ ನಿಂತು ಕಾಯುತ್ತದೆ. ನೀವು ಎದ್ದುಹೋಗಿ ನೀರು ಕುಡಿದು ಬಂದರೂ ಎದುರಿಗಿರುವ ಪಾತ್ರ ಕಣ್ಣು ಮಿಟುಕಿಸುತ್ತಾ ನಿಂತಿರುತ್ತದೆ. ‘ಆಕ್ಸೆನ್‌ಫ್ರೀ’ಯಲ್ಲಿ ಹಾಗಿಲ್ಲ. ನಡೆಯುತ್ತಿರುವಾಗಲೇ, ಮೆಟ್ಟಿಲು ಹತ್ತುತ್ತಿರುವಾಗಲೇ ಅಲೆಕ್ಸ್‌ಳ ತಲೆಯ ಮೇಲೆ ಮಾತಿನ ಗುಳ್ಳೆಗಳು ಮೂಡುತ್ತವೆ, ಹೆಚ್ಚೆಂದರೆ ಮೂರು. ಒಂದರಲ್ಲಿ ಸಮಾಧಾನ, ಒಂದರಲ್ಲಿ ಕೊಂಕು, ಇನ್ನೊಂದರಲ್ಲಿ ಮಾತು ಮರೆಸುವ ಪ್ರಯತ್ನ ಇರಬಹುದು. ಕೆಲವೇ ಕ್ಷಣ ಇದ್ದು ಮಸುಕಾಗಿ ಮಾಯವಾಗುತ್ತವೆ. ಬೇಗ ಒತ್ತಿದರೆ ಎದುರಿನವರ ಮಾತನ್ನು ನಡುವೆ ಕಡಿದಂತಾಗುತ್ತದೆ. ತಡ ಮಾಡಿದರೆ ಮಾತಿನ ಗಳಿಗೆ ಕಳೆದುಹೋಗುತ್ತದೆ, ಅಲೆಕ್ಸ್ ಸುಮ್ಮನಿದ್ದಳು ಎಂದೇ ದಾಖಲಾಗುತ್ತದೆ. ಆ ಮೌನವನ್ನೂ ಉಳಿದವರು ಉತ್ತರವೆಂದೇ ತೆಗೆದುಕೊಳ್ಳುತ್ತಾರೆ.

ಈ ಆಟದ ಬಗ್ಗೆ ನನಗಿರುವ ಗೌರವವೆಲ್ಲ ಈ ಒಂದು ಏರ್ಪಾಡಿನ ಮೇಲೆ ನಿಂತಿದೆ. ಮಾತು ಬಿಟ್ಟ ಗೆಳೆಯರ ನಡುವೆ ಹೆಚ್ಚಿನ ಸಲ ಆಗಿರುವುದು ಇದೇ. ಕೆಟ್ಟದ್ದೇನೂ ಆಡಿರುವುದಿಲ್ಲ, ಆಡಬೇಕಾದದ್ದನ್ನು ಆಡುವ ಹೊತ್ತು ತಪ್ಪಿಹೋಗಿರುತ್ತದೆ. ಕ್ಲಾರಿಸಾ ಮೈಕಲ್‌ನ ಹೆಸರೆತ್ತಿದಾಗ ಮೂರೂ ಗುಳ್ಳೆಗಳನ್ನು ಓದಿ, ಯಾವುದೂ ಸರಿಯಿಲ್ಲ ಎನ್ನಿಸಿ ಬೆರಳು ತಡೆದು, ಅಷ್ಟರಲ್ಲಿ ಅವು ಆರಿಹೋದಾಗ ಆಗುವ ಕಸಿವಿಸಿಯನ್ನು ಬೇರೆ ಯಾವ ಗೇಮಿನಲ್ಲೂ ನಾನು ಕಂಡಿಲ್ಲ.

ಸರಿಯಾದ ಉತ್ತರ ಯಾವುದೆಂದು ಆಟ ಎಲ್ಲೂ ಹೇಳುವುದಿಲ್ಲ. ನಿಮ್ಮ ಮಾತು ಒಬ್ಬರ ಮನಸ್ಸಿಗೆ ನಾಟಿತೆಂದರೆ ಅವರ ತಲೆಯ ಮೇಲೆ ಅಲೆಕ್ಸ್‌ಳ ಪುಟ್ಟ ಚಿತ್ರವೊಂದು ಮೂಡುತ್ತದೆ, ಅಷ್ಟೇ. ಒಳ್ಳೆಯದಾಗಿ ನಾಟಿತೋ, ನೋವಾಗಿಯೋ ಎಂಬುದನ್ನು ಅವರ ಮುಂದಿನ ನಡತೆಯಿಂದಲೇ ಊಹಿಸಬೇಕು.

ದೆವ್ವಗಳು ಯಾರು?

ದ್ವೀಪದಲ್ಲಿ ಕೇಳುವ ದನಿಗಳು ಎರಡನೆಯ ಮಹಾಯುದ್ಧದ ಕಾಲದವು. 1943ರಲ್ಲಿ ‘ಕನಲೋವ’ ಎಂಬ ಅಮೆರಿಕದ ಜಲಾಂತರ್ಗಾಮಿ ಆ ತೀರದಲ್ಲಿ ಮುಳುಗಿತು, ಶತ್ರುವಿನಿಂದಲ್ಲ, ತನ್ನವರದೇ ದಾಳಿಯಿಂದ ಎಂಬುದು ಕಥೆ. ಹಡಗೂ ಕಾಲ್ಪನಿಕ, ಘಟನೆಯೂ ಕಾಲ್ಪನಿಕ. ನಾವಿಕರು ಸಾಯಲೂ ಇಲ್ಲ, ಬದುಕಲೂ ಇಲ್ಲ. ಕಾಲದ ಒಂದು ಬಿರುಕಿನಲ್ಲಿ ಸಿಕ್ಕಿಕೊಂಡು, ಹೊರಬರಲು ಯಾರದಾದರೂ ಮೈ ಬೇಕೆಂದು ಕಾಯುತ್ತಿದ್ದಾರೆ. ದ್ವೀಪದ ಕೊನೆಯ ನಿವಾಸಿಯಾಗಿದ್ದ ಮ್ಯಾಗಿ ಆಡ್ಲರ್ ಎಂಬ ವೃದ್ಧೆ ಯುದ್ಧದ ದಿನಗಳಲ್ಲಿ ಅಲ್ಲೇ ಸಂದೇಶ ವಿಭಾಗದಲ್ಲಿದ್ದವಳು. ಆ ದುರಂತದ ಹೊಣೆಯನ್ನು ಬದುಕಿಡೀ ಹೊತ್ತವಳು. ಅವಳ ಪತ್ರಗಳು ದ್ವೀಪದಲ್ಲೆಲ್ಲ ಹರಡಿವೆ. ಅವನ್ನು ಹುಡುಕಿ ಓದಿದಾಗ ಅವಳೂ ಒಬ್ಬ ಗೆಳತಿಯನ್ನು ಇದೇ ಬಿರುಕಿಗೆ ಕಳೆದುಕೊಂಡಿದ್ದಳೆಂದು ತಿಳಿಯುತ್ತದೆ.

ತನ್ನವರೇ ತನ್ನ ಜಲಾಂತರ್ಗಾಮಿಯನ್ನು ಮುಳುಗಿಸುವುದು ಕಥೆಗಾರರ ಅತಿರೇಕ ಎನ್ನಿಸಬಹುದು. ಹಾಗಲ್ಲ. 1944ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಸಾಗರದ ಮೊರೊಟಾಯ್ ದ್ವೀಪದ ಬಳಿ ಅಮೆರಿಕದ ‘ಸೀವುಲ್ಫ್’ ಜಲಾಂತರ್ಗಾಮಿ ಅಮೆರಿಕದ್ದೇ ಹಡಗೊಂದರ ದಾಳಿಗೆ ಬಲಿಯಾಯಿತೆಂದು ನಂಬಲಾಗಿದೆ. ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ದಾಳಿಗೆ ಮುಂಚೆ ನೀರಿನಡಿಯಿಂದ ಉದ್ದ, ಗಿಡ್ಡ ಸದ್ದುಗಳ ಸಂಕೇತ ಕೇಳಿಬಂದಿತ್ತು. ತಮ್ಮ ಗುರುತಿನ ಸಂಕೇತಕ್ಕೆ ಅದು ಹೊಂದುತ್ತಿಲ್ಲ, ಶತ್ರು ನಮ್ಮ ಉಪಕರಣವನ್ನು ಗೊಂದಲಗೊಳಿಸಲು ನೋಡುತ್ತಿದ್ದಾನೆ ಎಂದುಕೊಂಡು ಮೇಲಿದ್ದ ಹಡಗಿನವರು ದಾಳಿ ಮುಂದುವರಿಸಿದರು.

ಕೆಳಗಿನವರು ನಾವು ನಿಮ್ಮವರೇ ಎಂದು ಕೂಗುತ್ತಿದ್ದಿರಬಹುದು, ಮೇಲಿನವರ ಕಿವಿಗೆ ಅದು ಬರೀ ಸದ್ದು. ಆಟದ ಕಥೆಗೂ ಈ ನಿಜ ಘಟನೆಗೂ ನೇರ ನಂಟು ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ತಪ್ಪಾಗಿ ಕೇಳಿಸಿಕೊಂಡ ಸಂಕೇತದಿಂದ ತನ್ನವರನ್ನೇ ಕಳೆದುಕೊಳ್ಳುವುದು ಇತಿಹಾಸದಲ್ಲಿ ನಡೆದಿರುವಂಥದ್ದೇ ಎಂದು ತಿಳಿದಮೇಲೆ, ರೇಡಿಯೊ ಈ ಆಟದ ನಡುವೆ ಯಾಕೆ ಕೂತಿದೆ ಎಂಬುದು ಚೆನ್ನಾಗಿ ಕಾಣುತ್ತದೆ. ಬೀಚಿನಲ್ಲಿ ಎದುರಾಬದುರು ಕೂತ ಕ್ಲಾರಿಸಾ ಮತ್ತು ಅಲೆಕ್ಸ್‌ರ ನಡುವೆ ಇರುವುದೂ ಇದೇ ತೊಂದರೆ.

ರಕ್ತವಿಲ್ಲದೆ ಭಯ ಹೇಗೆ?

ಹಾರರ್ ಎಂದರೆ ದಿಢೀರನೆ ಮುಖಕ್ಕೆ ಬರುವ ಭೂತ, ಕಿರುಚಾಟ, ರಕ್ತ ಎಂಬ ಎಣಿಕೆ ಇದೆ. ಇಲ್ಲಿ ಅವು ಕಡಿಮೆ. ಮನುಷ್ಯರು ಪರದೆಯ ಮೇಲೆ ಕಡ್ಡಿಯಷ್ಟು ಚಿಕ್ಕದಾಗಿ ಕಾಣುತ್ತಾರೆ, ಅವರ ಸುತ್ತ ಚಿತ್ರ ಬರೆದಂಥ ಅಗಾಧ ಕಾಡು, ಬಂಡೆ, ಖಾಲಿ ಕಟ್ಟಡ. ಮುಖಭಾವ ಕಾಣದಷ್ಟು ದೂರ. ಹೀಗಾಗಿ ಎಲ್ಲವೂ ದನಿಯ ಮೇಲೆ ನಿಲ್ಲುತ್ತದೆ. ಅಲೆಕ್ಸ್‌ಗೆ ದನಿ ಕೊಟ್ಟವರು ಎರಿನ್ ಯವೆಟ್. ಸಂಗೀತ ‘ಸೈಂಟಿಫಿಕ್’ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಸಂಯೋಜಕನದು.

ಅತ್ಯಂತ ಮೈ ಜುಮ್ಮೆನ್ನಿಸುವುದು ದೆವ್ವಗಳು ಮಾತಾಡುವ ರೀತಿ. ಅವಕ್ಕೆ ಸ್ವಂತ ದನಿಯಿಲ್ಲ. ಹಳೆಯ ರೇಡಿಯೊ ಕಾರ್ಯಕ್ರಮಗಳಿಂದ ಒಂದು ಪದ ಇಲ್ಲಿಂದ, ಒಂದು ಪದ ಅಲ್ಲಿಂದ ಕಿತ್ತು ಜೋಡಿಸಿದ ವಾಕ್ಯ ಬರುತ್ತದೆ. ಮೊದಲ ಪದ ಉಲ್ಲಾಸದ ನಿರೂಪಕನದು, ಎರಡನೆಯದು ಹೆಂಗಸಿನದು, ಮೂರನೆಯದು ಯಾರದೋ ನಗುವಿನದು. ಇನ್ನೊಂದು, ಜೊತೆಗಾರರ ಮೈಮೇಲೆ ಅವು ಬರುವುದು. ಈಗಷ್ಟೇ ತಮಾಷೆ ಮಾಡುತ್ತಿದ್ದ ಗೆಳೆಯನ ಕಣ್ಣು ಕೆಂಪಗೆ ಹೊಳೆಯುತ್ತದೆ, ಅವನ ಬಾಯಿಂದ ಅವನದಲ್ಲದ ಮಾತು ಬರುತ್ತದೆ.

ಕನ್ನಡಿಗಳೂ ಇವೆ. ಅಲ್ಲಿ ಕಾಣುವ ಅಲೆಕ್ಸ್‌ಳ ಪ್ರತಿಬಿಂಬ ಅವಳಿಗೇ ಸಲಹೆ ಕೊಡುತ್ತದೆ. ಬಹಳ ಹೊತ್ತಿನ ನಂತರ ಕನ್ನಡಿಯ ಆಚೆ ಬದಿಯಲ್ಲಿ ನಿಂತು ಹಾಗೆ ಸಲಹೆ ಕೊಡುವ ಸರದಿ ಆಟಗಾರನಿಗೇ ಬರುತ್ತದೆ. ಮೊದಲು ಮಾತಾಡಿದ್ದು ಯಾರು ಎಂಬುದು ಆಗ ಹೊಳೆಯುತ್ತದೆ.

ಕ್ಲಾರಿಸಾಳನ್ನು ಬಿಟ್ಟುಬಿಡುವಿರಾ?

ಕಥೆಯ ತುದಿಯಲ್ಲಿ ದೆವ್ವಗಳು ಒಂದು ಚೌಕಾಶಿ ಇಡುತ್ತವೆ: ಕ್ಲಾರಿಸಾಳನ್ನು ನಮಗೆ ಬಿಡಿ, ಉಳಿದವರು ಹೋಗಬಹುದು. ಆ ಮಾತನ್ನು ಅವು ಕ್ಲಾರಿಸಾಳ ಬಾಯಿಂದಲೇ ಹೇಳಿಸುತ್ತವೆ.

ಬೇರೆ ಯಾರನ್ನು ಕೇಳಿದ್ದರೂ ಉತ್ತರ ಸುಲಭವಿತ್ತು. ರಾತ್ರಿಯಿಡೀ ಅಲೆಕ್ಸ್‌ಳನ್ನು ಕುಟುಕಿದವಳು, ಅಣ್ಣನ ಸಾವನ್ನು ಅವಳ ತಲೆಗೆ ಕಟ್ಟಿದವಳು ಇವಳೊಬ್ಬಳೇ. ಒಪ್ಪಿಕೊಂಡರೆ ಉಳಿದ ನಾಲ್ವರು ಮನೆ ಸೇರುತ್ತಾರೆ. ಆದರೆ ಕ್ಲಾರಿಸಾ ಸತ್ತಂತೆ ಆಗುವುದಿಲ್ಲ, ಹುಟ್ಟಿಯೇ ಇರಲಿಲ್ಲ ಎಂಬಂತೆ ಆಗುತ್ತದೆ. ಅವಳ ಗೆಳತಿ ನೋನಾಳಿಗೂ ಅವಳು ಯಾರೆಂದು ಗೊತ್ತಿರುವುದಿಲ್ಲ. ಒಪ್ಪದಿದ್ದರೆ ಅಲೆಕ್ಸ್ ತಾನೇ ಬಿರುಕಿನೊಳಗೆ ಹೋಗಿ ಅದನ್ನು ಮುಚ್ಚಬೇಕು.

ಇದಕ್ಕೂ ಮುಂಚೆ ಕಾಲ ಜಾರಿದಾಗಲೆಲ್ಲ ಅಲೆಕ್ಸ್ ಹಿಂದಿನ ದಿನಗಳಿಗೆ ಹೋಗಿ, ಬದುಕಿದ್ದ ಮೈಕಲ್‌ನ ಜೊತೆ ಕೂತು ಮಾತಾಡಿರುತ್ತಾಳೆ. ಅವನು ಕ್ಲಾರಿಸಾಳ ಜೊತೆ ಊರು ಬಿಡುವ ಯೋಚನೆಯಲ್ಲಿದ್ದಾನೆ, ತಂಗಿಯ ಅಭಿಪ್ರಾಯ ಕೇಳುತ್ತಾನೆ. ಅಲ್ಲಿ ಕೊಟ್ಟ ಉತ್ತರಗಳು ಮುಂದಿನ ಕಾಲವನ್ನು ಬದಲಿಸುತ್ತವೆ. ಮೈಕಲ್ ಬದುಕಿ ಉಳಿಯುವ ಅಂತ್ಯವೂ ಇದೆ. ಆದರೆ ಅವನು ಉಳಿದರೆ ತಂದೆ ತಾಯಿ ಬೇರೆಯಾದ ಕಥೆ ಹಾಗೆ ನಡೆಯುವುದಿಲ್ಲ, ತಾಯಿ ಮರುಮದುವೆಯಾಗುವುದಿಲ್ಲ, ರಾತ್ರಿಯೆಲ್ಲ ಪಕ್ಕದಲ್ಲಿ ನಡೆದ ಜೋನಸ್ ಆ ಮನೆಗೆ ಬರುವುದೇ ಇಲ್ಲ. ಎಲ್ಲರನ್ನೂ ಉಳಿಸಿಕೊಳ್ಳುವ ಲೆಕ್ಕ ಈ ಆಟದಲ್ಲಿ ಎಲ್ಲೂ ಕೂಡಿಬರುವುದಿಲ್ಲ.

ಮುಗಿದ ಮೇಲೆ ಏನಾಗುತ್ತದೆ?

ಬೆಳಗಾಗಿದೆ, ದೋಣಿಯಲ್ಲಿ ಮರಳುತ್ತಿದ್ದಾರೆ. ಯಾರು ಏನಾದರು, ಯಾರ ಸ್ನೇಹ ಉಳಿಯಿತು, ಯಾರು ದೂರವಾದರು ಎಂದು ಅಲೆಕ್ಸ್ ನೆಮ್ಮದಿಯ ದನಿಯಲ್ಲಿ ಹೇಳುತ್ತಿರುತ್ತಾಳೆ. ಮಾತಿನ ನಡುವೆ ದನಿ ಕದಡುತ್ತದೆ. ಅದೇ ಉಸಿರಿನಲ್ಲಿ ಅವಳು ರೆನ್ ಮತ್ತು ಹೊಸ ಮಲಸಹೋದರನ ಜೊತೆ ಎಡ್ವರ್ಡ್ಸ್ ದ್ವೀಪಕ್ಕೆ ಹೋಗುವ ಮಾತಾಡುತ್ತಾಳೆ, ಇನ್ನೂ ಹೋಗಿಯೇ ಇಲ್ಲವೆಂಬಂತೆ. ದೊಡ್ಡ ಸುಳಿ ಎಂದದ್ದು ಇದನ್ನೇ.

ಮತ್ತೆ ಶುರು ಮಾಡಿದರೆ ಹೊಸ ಆಟ ಎನ್ನುವ ಬದಲು ಅದೇ ಕಾಲರೇಖೆಯನ್ನು ಮುಂದುವರಿಸುವ ಆಯ್ಕೆ ಸಿಗುತ್ತದೆ. ಗೇಮ್ ಲೋಕದಲ್ಲಿ ಮುಗಿಸಿದ ಆಟವನ್ನು ಕೆಲವು ಹೆಚ್ಚುವರಿಗಳೊಂದಿಗೆ ಎರಡನೆಯ ಸಲ ಆಡುವುದಕ್ಕೆ ‘ನ್ಯೂ ಗೇಮ್ ಪ್ಲಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಹೆಚ್ಚುವರಿ ಎಂದರೆ ಬಲವಾದ ಆಯುಧ. ಇಲ್ಲಿ ಸಿಗುವುದು ಅಲೆಕ್ಸ್‌ಳ ನೆನಪು. ಎರಡನೆಯ ಸುತ್ತಿನಲ್ಲಿ ಅವಳು ಮೊದಲ ಸಲ ಕೇಳಿದ ಮಾತಿಗೇ ತಡವರಿಸುತ್ತಾಳೆ, ಇದು ಮುಂಚೆ ಆಗಿದೆ ಎನ್ನುತ್ತಾಳೆ. ಗುಳ್ಳೆಗಳಲ್ಲಿ ಮೊದಲು ಇರದ ಮಾತುಗಳು ಮೂಡುತ್ತವೆ. ಆಟಗಾರನಿಗೆ ಗೊತ್ತಿರುವುದು ಪಾತ್ರಕ್ಕೂ ಗೊತ್ತಾಗಲು ತೊಡಗುತ್ತದೆ. ಈ ಸುತ್ತನ್ನು ತಾಳ್ಮೆಯಿಂದ ಆಡಿದವರಿಗೆ, ರೇಡಿಯೊ ಮೂಲಕ ಹಿಂದಿನ ಅಲೆಕ್ಸ್‌ಳನ್ನು ಹಿಡಿದು, ಆ ರಾತ್ರಿ ದ್ವೀಪಕ್ಕೆ ಹೋಗಲೇಬೇಡ ಎಂದು ಹೇಳುವ ಅವಕಾಶ ಸಿಗುತ್ತದೆ.

ಅಂದರೆ ಒಂದೇ ಸಲ ಆಡಿ ಬಿಟ್ಟವರು ಅರ್ಧ ಕಥೆ ಮಾತ್ರ ನೋಡಿರುತ್ತಾರೆ. 2023ರ ಜುಲೈನಲ್ಲಿ ಬಂದ ಎರಡನೆಯ ಭಾಗ ‘ಲಾಸ್ಟ್ ಸಿಗ್ನಲ್ಸ್’ನಲ್ಲಿ ರೈಲಿ ಎಂಬ ಬೇರೆ ಹೆಂಗಸು ನಾಯಕಿ. ಅಲ್ಲಿಯೂ ಈ ದ್ವೀಪದ ನೆರಳು ಬೀಳುತ್ತದೆ. ಮೊದಲನೆಯದನ್ನು ಆಡಿದ ಮೇಲೆ ಅದನ್ನು ಹಿಡಿಯುವುದು ಒಳ್ಳೆಯದು.

ಆಡುವವರಿಗೆ, ಆಡಿಸುವವರಿಗೆ

ಒಂದು ಸುತ್ತಿಗೆ ನಾಲ್ಕೈದು ಗಂಟೆ ಸಾಕು. ಬೆರಳಿನ ಚುರುಕುತನ ಬೇಕಿಲ್ಲ, ಸೋಲು ಗೆಲುವು ಇಲ್ಲ. ದನಿ ಇಂಗ್ಲಿಷಿನಲ್ಲಿದೆ, ಅದೂ ಹರೆಯದವರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವ ಅಮೆರಿಕನ್ ಇಂಗ್ಲಿಷ್. ಅಷ್ಟು ವೇಗ ಕಿವಿಗೆ ಹತ್ತದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ, ಇಲ್ಲದಿದ್ದರೆ ಗುಳ್ಳೆಗಳನ್ನು ಓದುವುದರೊಳಗೆ ಅವು ಮಾಯವಾಗುತ್ತವೆ. ಒಬ್ಬರೇ ಆಡುವಾಗ ಹೆಡ್‌ಫೋನ್ ಇಲ್ಲದೆ ಆಡಬೇಡಿ, ಆಟದ ಅರ್ಧ ಇರುವುದು ಕಿವಿಯಲ್ಲಿ.

ಸಣ್ಣ ಮಕ್ಕಳಿಗೆ ಇದು ತಕ್ಕ ಆಟವಲ್ಲ. ಬೈಗುಳ, ಕುಡಿತ, ಮಾದಕ ವಸ್ತುವಿನ ಪ್ರಸ್ತಾಪ, ಸಾವಿನ ದೃಶ್ಯಗಳು ಇವೆ. ಒಡಹುಟ್ಟಿದವರನ್ನೋ ಗೆಳೆಯರನ್ನೋ ಈಚೆಗೆ ಕಳೆದುಕೊಂಡವರು ಮನಸ್ಸು ಗಟ್ಟಿಯಿದ್ದಾಗ ಮಾತ್ರ ಕೂರಬೇಕು. ಹೈಸ್ಕೂಲ್ ದಾಟಿದ ಮಕ್ಕಳಿರುವ ಮನೆಯಲ್ಲಿ ದೊಡ್ಡವರು ಒಂದು ಫೋನ್, ಒಂದು ಜೊತೆ ಸ್ಪೀಕರ್ ಇಟ್ಟುಕೊಂಡು ಅವರ ಜೊತೆ ಕೂತು ಆಡಿ ನೋಡಬಹುದು. ಕ್ಲಾರಿಸಾ ಕೇಳಿದ ಪ್ರಶ್ನೆಗೆ ಮೂರು ಗುಳ್ಳೆ ಮೂಡಿದಾ­ಗ ಯಾವುದನ್ನು ಒತ್ತಬೇಕು ಎಂಬ ಬಗ್ಗೆ ಮನೆಯೊಳಗೇ ಎರಡು ಪಕ್ಷವಾಗುತ್ತದೆ, ಮತ್ತು ತೀರ್ಮಾನಕ್ಕೆ ಬರಲು ಆಟ ಹೆಚ್ಚು ಹೊತ್ತು ಕೊಡುವುದಿಲ್ಲ.